ಒಂಟಿ ಚೀಲ

ಅಂಗಡಿಯ ಗಿರಾಕಿಗಳೆಲ್ಲ ಅವಳನ್ನು ಪೊಲೀಸಮ್ಮ ಎಂದೇ ಕರೆಯುತ್ತಿದ್ದರು. ಬಚ್ಚಿಟ್ಟದ್ದನ್ನು ಹುಡುಕಿ ತೆಗೆಯುವುದರಲ್ಲಿ ಅವಳದು ಎತ್ತಿದ ಕೈ. ಆ ಹೆಸರು ಬಂದದ್ದು ಅದರಿಂದ.

ಅದು ಹಳೆಯ ಸಾಮಾನಿನ ಅಂಗಡಿ. ಜನ ತಮಗೆ ಬೇಡವಾದ ಬಟ್ಟೆ, ಪಾತ್ರೆ, ಪುಸ್ತಕ, ಬೂಟುಗಳನ್ನು ಚೀಲಗಳಲ್ಲಿ ತುಂಬಿ ತಂದು ಹಿಂಬಾಗಿಲಲ್ಲಿ ಕೊಟ್ಟುಹೋಗುತ್ತಿದ್ದರು. ಅವನ್ನು ವಿಂಗಡಿಸಿ, ಒರೆಸಿ, ಚೀಟಿ ಅಂಟಿಸಿ ಮುಂದಿನ ಕೋಣೆಯಲ್ಲಿ ಅಗ್ಗಕ್ಕೆ ಮಾರುತ್ತಿದ್ದರು. ಬಂದ ಲಾಭವೆಲ್ಲ ಊರಿನ ಇನ್ನೊಂದು ತುದಿಯಲ್ಲಿದ್ದ ಕಾಲಿನ ಕಾರ್ಯಾಗಾರಕ್ಕೆ. ಕಾಲು ಕಳೆದುಕೊಂಡವರಿಗೆ, ಕಾಲು ಸರಿಯಿಲ್ಲದವರಿಗೆ ಅಲ್ಲಿ ಊರುಗೋಲು, ಕೃತಕ ಕಾಲು, ಬೂಟು ಎಲ್ಲ ಪುಕ್ಕಟೆಯಾಗಿ ಮಾಡಿಕೊಡುತ್ತಿದ್ದರು. ಅಂಗಡಿಯಲ್ಲಿ ದುಡಿಯುವ ಯಾರಿಗೂ ಸಂಬಳವಿರಲಿಲ್ಲ.

ಶನಿವಾರ ಎಲ್ಲದಕ್ಕೂ ಅರ್ಧ ಬೆಲೆ. ಹಾಗಾಗಿ ವಾರದ ನಡುವೆ ಏನಾದರೂ ಕಣ್ಣಿಗೆ ಬಿದ್ದರೆ ಗಿರಾಕಿಗಳು ಅದನ್ನು ಕೊಳ್ಳುತ್ತಿರಲಿಲ್ಲ, ಬಚ್ಚಿಡುತ್ತಿದ್ದರು. ಸ್ವೆಟರು ಪರದೆಗಳ ರಾಶಿಯ ಅಡಿಗೆ ಹೋಗುತ್ತಿತ್ತು, ಬಾಣಲೆ ಗೊಂಬೆಗಳ ಬುಟ್ಟಿಯ ತಳಕ್ಕೆ. ಎಲ್ಲರಿಗಿಂತ ಜಾಣರು ಬೂಟಿನ ಗಿರಾಕಿಗಳು. ಜೋಡಿ ಬೇರೆಯಾಗದಿರಲೆಂದು ಕಟ್ಟಿದ ದಾರವನ್ನು ಹಲ್ಲಲ್ಲೇ ಕಡಿದು, ಒಂದು ಬೂಟನ್ನು ಮಾತ್ರ ಎಲ್ಲೋ ತೂರಿಸಿ ಹೋಗುವರು. ಒಂದೇ ಬೂಟನ್ನು ಯಾರು ಕೊಂಡಾರು? ಶನಿವಾರ ಬಂದು ಎರಡನ್ನೂ ಸೇರಿಸಿ ಅರ್ಧ ಬೆಲೆಗೆ ಹೊತ್ತುಕೊಂಡು ಹೋದರಾಯಿತು.

ಪೊಲೀಸಮ್ಮ ಇದನ್ನೆಲ್ಲ ಬಲ್ಲಳು. ವಾರದ ನಡುವೆ ಬರಿಗೈಯಲ್ಲಿ ಹೋದ ಮುಖ ಶನಿವಾರ ಬೆಳಿಗ್ಗೆ ನೇರವಾಗಿ ಪರದೆಗಳ ಕಡೆ ನಡೆದರೆ ಅವಳು ಅದಕ್ಕೂ ಮೊದಲೇ ಅಲ್ಲಿ ನಿಂತಿರುತ್ತಿದ್ದಳು.

"ಏನ್ ಹುಡುಕ್ತಿದ್ದೀರಿ? ಸ್ವೆಟರಾ? ಅದು ನಿನ್ನೆನೇ ಪೂರ್ತಿ ಬೆಲೆಗೆ ಹೋಯ್ತು."

"ಅಯ್ಯೋ ಪೊಲೀಸಮ್ಮ, ನಿಮ್ಮ ಕಣ್ಣಿಗೆ ಬೆಂಕಿ ಬೀಳ! ನಾಲ್ಕು ಪರದೆ ಕೆಳಗೆ ಇಟ್ಟಿದ್ದೆ ಕಣ್ರೀ!" ಎಂದು ನಗುತ್ತಲೇ ಹಣೆ ಚಚ್ಚಿಕೊಳ್ಳುತ್ತಿದ್ದವಳನ್ನು ಎಲ್ಲರೂ ಅರ್ಧರೇಟಮ್ಮ ಎನ್ನುತ್ತಿದ್ದರು. "ನೀವು ಮನೇಲೂ ಹಿಂಗೇನಾ? ಮಗಳಿಗೆ ಪಾಪ ಒಂದು ಚಾಕಲೇಟಾದ್ರೂ ಬಚ್ಚಿಡೋಕೆ ಬಿಡ್ತೀರಾ?"

ಪೊಲೀಸಮ್ಮ ನಗುತ್ತಿರಲಿಲ್ಲ. ಅವಳಿಗೆ ಆ ಕೆಲಸ ತಮಾಷೆಯಾಗಿರಲಿಲ್ಲ. ಮಗಳು ಹುಟ್ಟಿದಾಗಲೇ ಎಡಗಾಲು ಗಿಡ್ಡ. ಆರು ವರ್ಷಕ್ಕೆ ಅವಳಿಗೆ ಮೊದಲ ದಪ್ಪ ಅಟ್ಟೆಯ ಬೂಟು ಮಾಡಿಕೊಟ್ಟದ್ದು ಅದೇ ಕಾರ್ಯಾಗಾರ. ಅಲ್ಲಿಯವರೆಗೆ ಗೋಡೆ ಹಿಡಿದು ನಡೆಯುತ್ತಿದ್ದ ಮಗು ಅಂದು ಅಂಗಳದ ನಡುವೆ, ಹಿಡಿಯಲು ಏನೂ ಇಲ್ಲದ ಕಡೆ, ನೆಟ್ಟಗೆ ನಿಂತು ಸುತ್ತ ನೋಡಿತ್ತು. ಆ ನೋಟವನ್ನು ಅವಳು ಮರೆತಿರಲಿಲ್ಲ. ಮಾರನೆಯ ವಾರದಿಂದಲೇ ಅಂಗಡಿಗೆ ಬರತೊಡಗಿದಳು. ಬೆಳಿಗ್ಗೆ ನಾಲ್ಕು ಕಚೇರಿಗಳ ನೆಲ ಒರೆಸಿ ಬಂದು ಮಂಗಳವಾರ, ಬುಧವಾರದ ಮಧ್ಯಾಹ್ನಗಳನ್ನು, ಕಚೇರಿಗಳಿಗೆ ರಜೆಯಿದ್ದ ಶನಿವಾರ ಇಡೀ ದಿನವನ್ನು ಇಲ್ಲಿಗೆ ಕೊಡುತ್ತಿದ್ದಳು. ಹದಿನೈದು ವರ್ಷವಾಯಿತು.

ಈಗ ಮಗಳಿಗೆ ಇಪ್ಪತ್ತೊಂದು. ಹಳೆಯ ಬೂಟಿನ ಮೇಲಿನ ಚರ್ಮ ಎರಡು ಕಡೆ ಬಾಯಿ ಬಿಟ್ಟಿತ್ತು. ಅಟ್ಟೆಯನ್ನು ತಂತಿಯಿಂದ ಬಿಗಿದಿದ್ದರು. ಕಾರ್ಯಾಗಾರದಲ್ಲಿ ಹೆಸರು ಬರೆಸಿಯಾಗಿತ್ತು, ಸರದಿ ಬರಲು ಇನ್ನೂ ನಾಲ್ಕು ತಿಂಗಳು. ಮನೆಯಲ್ಲಿ ಮಗಳು ಒಲೆಯ ಮುಂದೆ, ತೊಟ್ಟಿಯ ಮುಂದೆ ನಿಲ್ಲುವಾಗ ಎಡಗಾಲಿನ ಕೆಳಗೆ ಒಂದು ಹಳೆಯ ಟೆಲಿಫೋನ್ ಡೈರೆಕ್ಟರಿ ಇಟ್ಟುಕೊಳ್ಳುತ್ತಿದ್ದಳು. ಒದ್ದೆಯಾಗದಂತೆ ಅದಕ್ಕೆ ಪ್ಲಾಸ್ಟಿಕ್ ಸುತ್ತಿತ್ತು. ಅದು ಸರಿಯಾಗಿ ಅವಳ ಅಳತೆ.

ಡೈರೆಕ್ಟರಿ ಕಾಲಿಗೆ ಕಟ್ಟಿಕೊಂಡು ಕೆಲಸಕ್ಕೆ ಹೋಗಲಾಗದು. ಎರಡು ಕಡೆ ಕೆಲಸ ಹೋಗಿತ್ತು. ಒಂದು ಕಡೆ ಮಧ್ಯಾಹ್ನದ ಹೊತ್ತಿಗೆ ತಂತಿ ಬಿಚ್ಚಿಕೊಂಡು ಅಟ್ಟೆ ನೆಲಕ್ಕೆ ಬಿತ್ತು. ಗಿರಾಕಿಯೊಬ್ಬ ಅದನ್ನು ಎತ್ತಿ ಕೌಂಟರಿನ ಮೇಲಿಟ್ಟು, "ಇದು ನಿಮ್ಮದಾ?" ಎಂದಿದ್ದ. ಅಂದಿನಿಂದ ಮಗಳು ಮನೆಯಲ್ಲಿ ಮಾತು ಕಡಿಮೆ ಮಾಡಿದ್ದಳು. ಈಗ ಒಂದು ಔಷಧಿ ಅಂಗಡಿಯವರು ಬಾ ಎಂದಿದ್ದರು. ಬರುವ ಸೋಮವಾರದಿಂದ. ನಿಂತು ಮಾಡುವ ಕೆಲಸ, ಕಪ್ಪು ಬೂಟು ಕಡ್ಡಾಯ, ಮೊದಲ ವಾರ ಪರೀಕ್ಷೆ.

"ಇದೂ ಹೋದ್ರೆ ಇನ್ನು ನಾನು ಎಲ್ಲಿಗೂ ಕೇಳೋಕೆ ಹೋಗಲ್ಲಮ್ಮ," ಎಂದಿದ್ದಳು ಮಗಳು. ಕೋಪದಲ್ಲಿ ಹೇಳಿದ್ದರೆ ತಾಯಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಅವಳು ಅದನ್ನು ಬಟ್ಟೆ ಮಡಚುತ್ತ ಹೇಳಿದ್ದಳು.

ಆ ಮಂಗಳವಾರ ಹಿಂದಿನ ಕೋಣೆಯಲ್ಲಿ ಒಂದು ಚೀಲ ಬಿಚ್ಚಿದಾಗ ಪೊಲೀಸಮ್ಮನ ಕೈ ತಟ್ಟನೆ ನಿಂತಿತು. ಕಪ್ಪು ಬೂಟು, ಹೆಂಗಸರದು, ಹೆಚ್ಚು ಸವೆದಿಲ್ಲ. ಬಲಗಾಲಿನದು ಎಲ್ಲ ಬೂಟಿನಂತೆ ಚಪ್ಪಟೆ. ಎಡಗಾಲಿನದಕ್ಕೆ ಪದರ ಪದರವಾಗಿ ಕಟ್ಟಿದ ದಪ್ಪ ಅಟ್ಟೆ. ಒಳಗೆ ಸಂಖ್ಯೆ ನೋಡಿದಳು. ಮಗಳದೇ ಅಳತೆ. ಬೆರಳುಗಳನ್ನು ಅಟ್ಟೆಗೆ ಒತ್ತಿ ಹಿಡಿದಳು. ಡೈರೆಕ್ಟರಿಗಿಂತ ಒಂದು ಎಳೆ ಹೆಚ್ಚಿರಬಹುದು, ಅಷ್ಟೇ. ಹದಿನೈದು ವರ್ಷದಲ್ಲಿ ಇಂಥ ಜೋಡಿ ಇಲ್ಲಿಗೆ ಬಂದದ್ದು ಇದೇ ಮೊದಲು.

ಸುತ್ತ ನೋಡಿದಳು. ಮೇಜಿನ ಆಚೆ ಪೋಸ್ಟಣ್ಣ ಕಪ್ಪುಬಸಿಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತಿದ್ದ. ಮೂವತ್ತು ವರ್ಷ ಅಂಚೆ ವಿಂಗಡಿಸಿ ನಿವೃತ್ತನಾದ ಮನುಷ್ಯ. ಯಾವ ವಸ್ತು ಎಲ್ಲಿ ಸೇರಬೇಕೋ ಅಲ್ಲಿಗೆ ಸೇರಿಸದೆ ಅವನಿಗೆ ಊಟ ಸೇರದು.

ಅಂಗಡಿಗೆ ಒಂದು ನಿಯಮವಿತ್ತು. ದುಡಿಯುವವರು ಯಾವುದನ್ನೂ ಎತ್ತಿಡುವಂತಿಲ್ಲ. ವಸ್ತು ಮೂರು ದಿನ ಗಿರಾಕಿಗಳ ಕಣ್ಣ ಮುಂದಿರಬೇಕು, ಯಾರಿಗೂ ಬೇಡವಾದರೆ ಆಮೇಲೆ ನಮಗೆ. ಅಂಗಡಿ ನಡೆಸುವ ಟೀಚರಮ್ಮ ಇದನ್ನು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಹಚ್ಚಿದ್ದರು. ಬಾಯಿ ಬಿಟ್ಟು ಕೇಳಿದ್ದರೆ ಅವರು ಇಲ್ಲ ಎನ್ನುತ್ತಿದ್ದರೇ? ಬಹುಶಃ ಎನ್ನುತ್ತಿರಲಿಲ್ಲ. ಆದರೆ ಪೊಲೀಸಮ್ಮ ಕೇಳುವ ಹಾಗಿರಲಿಲ್ಲ. ಎರಡು ತಿಂಗಳ ಹಿಂದೆ ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬ ಬಸುರಿ ಹೆಂಗಸು ಪುಟ್ಟ ಸ್ವೆಟರೊಂದನ್ನು ತನ್ನ ಏಪ್ರನ್ನಿನ ಹಿಂದೆ ಎತ್ತಿಟ್ಟುಕೊಂಡಾಗ, ಎಲ್ಲರ ಎದುರು ಅದನ್ನು ಹೊರಗೆಳೆದವಳು ಇವಳೇ. "ನಿಯಮ ಅಂದ್ರೆ ಎಲ್ಲರಿಗೂ ನಿಯಮ," ಎಂದಿದ್ದಳು. ಆ ಹೆಂಗಸು ಏಪ್ರನ್ ಬಿಚ್ಚಿಟ್ಟು ಹೋದವಳು ಮತ್ತೆ ಬರಲಿಲ್ಲ. ಈಗ ಯಾವ ಮುಖ ಹೊತ್ತು ಕೇಳುವುದು?

ಬುಧವಾರ ಪೋಸ್ಟಣ್ಣನೇ ಬೂಟುಗಳನ್ನು ದಾರದಿಂದ ಬಿಗಿದು, ಚೀಟಿ ಹಚ್ಚಿ, ಮುಂದಿನ ಕೋಣೆಯ ಕಪಾಟಿನಲ್ಲಿಟ್ಟ. ಬುಧ, ಗುರು, ಶುಕ್ರ. ಶನಿವಾರ ಅವಳು ಕೊಳ್ಳಬಹುದು, ಅದೂ ಅರ್ಧ ಬೆಲೆಗೆ. ಆದರೆ ಗುರು, ಶುಕ್ರ ಅವಳು ಅಂಗಡಿಯಲ್ಲಿ ಇರುವುದಿಲ್ಲ. ಅಷ್ಟರಲ್ಲಿ ಯಾರಾದರೂ ಎತ್ತಿಕೊಂಡು ಹೋದರೆ? ಅವರಿಗೆ ಬೇಕಾಗಿಯೇ ಇರಬೇಕೆಂದಿಲ್ಲ. ಬಲಗಾಲಿನದು ಗಟ್ಟಿಯಾಗಿದೆ ಎಂದೋ, ದಪ್ಪ ಅಟ್ಟೆಯನ್ನು ಬಾಗಿಲಿಗೆ ಒತ್ತು ಕೊಡಲು ಆದೀತು ಎಂದೋ ಕೊಳ್ಳುವವರೂ ಇದ್ದಾರೆ.

ಬುಧವಾರ ಸಂಜೆ, ಮುಚ್ಚಲು ಹತ್ತು ನಿಮಿಷವಿರುವಾಗ, ಅವಳು ಏಪ್ರನ್ನಿನ ಜೇಬಿನಿಂದ ಕತ್ತರಿ ತೆಗೆದಳು. ದಾರ ಕಟ್ ಎಂದಿತು. ಅಷ್ಟು ಸಣ್ಣ ಸದ್ದಿಗೇ ಅವಳು ಹಿಂತಿರುಗಿ ನೋಡಿದಳು.

ಎಲ್ಲಿಡುವುದು? ಉಳಿದವರು ಎಲ್ಲೆಲ್ಲಿ ಇಡುತ್ತಾರೆಂಬುದು ಅವಳಿಗೆ ಗೊತ್ತು, ಅದೆಲ್ಲ ಪೋಸ್ಟಣ್ಣನಿಗೂ ಗೊತ್ತು. ಯಾರೂ ಮುಟ್ಟದ ಜಾಗ ಒಂದೇ: ಹಳೆಯ ವಿಶ್ವಕೋಶದ ಸಂಪುಟಗಳ ಹಿಂದಿನ ಸಂದು. ಆ ಸಂಪುಟಗಳನ್ನು ಆರು ವರ್ಷದಿಂದ ಯಾರೂ ಕೇಳಿರಲಿಲ್ಲ. ಎಡಗಾಲಿನ ಬೂಟನ್ನೇ ಬಚ್ಚಿಡಬೇಕೆಂದಿದ್ದಳು. ಅದು ಸಂದಿನಲ್ಲಿ ಹಿಡಿಸಲಿಲ್ಲ. ಅಟ್ಟೆ ದಪ್ಪ, ಪುಸ್ತಕಗಳು ಮುಂದಕ್ಕೆ ತಳ್ಳಿಕೊಂಡು ಬಂದವು. ಆಚೆ ಟೀಚರಮ್ಮ ಕಿಟಕಿ ಮುಚ್ಚುವ ಸದ್ದು. ಅವಸರದಲ್ಲಿ ಅದನ್ನು ಕಪಾಟಿಗೆ ಮರಳಿಸಿ, ಚಪ್ಪಟೆಯಾದ ಬಲಗಾಲಿನದನ್ನು ತೂರಿಸಿದಳು. ಸಲೀಸಾಗಿ ಹೋಯಿತು. ಯಾವುದಾದರೇನು, ಒಂದೇ ಬೂಟು, ಅದೂ ಅಷ್ಟು ದಪ್ಪದ್ದನ್ನು ಯಾರು ಕೊಂಡಾರು ಎಂದುಕೊಂಡಳು. ಮಗಳಿಗೆ ಏನೂ ಹೇಳಲಿಲ್ಲ. ಶನಿವಾರ ಸಂಜೆ ಅವಳ ಮುಂದಿಡಬೇಕೆಂದುಕೊಂಡಳು.

ಶನಿವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಹೋಗಿ ನೋಡಿದರೆ ಕಪಾಟಿನಲ್ಲಿ ಎಡಗಾಲಿನ ಬೂಟು ಇರಲಿಲ್ಲ.

ಸಂಪುಟಗಳ ಹಿಂದೆ ಕೈ ಹಾಕಿದಳು. ಬಲಗಾಲಿನದು ಇಟ್ಟಲ್ಲೇ ಇತ್ತು. ಮತ್ತೆ ಕಪಾಟು. ಕಪಾಟಿನ ಅಡಿ. ಪಕ್ಕದ ಚಪ್ಪಲಿ ಬುಟ್ಟಿ.

"ಏನ್ ಕಳೆದುಹೋಯ್ತು, ಪೊಲೀಸಮ್ಮ?" ಪೋಸ್ಟಣ್ಣ ಪೊರಕೆ ಹಿಡಿದು ನಿಂತಿದ್ದ.

"ಇಲ್ಲೊಂದು ಬೂಟಿತ್ತು. ದಪ್ಪ ಅಟ್ಟೆದು."

"ಓ, ಅದಾ! ಯಾರೋ ಕಳ್ಳ ನನ್ಮಕ್ಕಳು ಜೋಡಿ ಬಿಡಿಸಿ ಒಂದನ್ನ ಹಾರಿಸಿದ್ರು. ಗುರುವಾರ ಇಡೀ ದಿನ ಹುಡುಕಿದೀನಿ ಕಣಮ್ಮ. ಪರದೆ, ಗೊಂಬೆ, ಪೆಟ್ಟಿಗೆ, ಒಂದೂ ಬಿಟ್ಟಿಲ್ಲ. ನೀವಿದ್ದಿದ್ರೆ ಎರಡು ನಿಮಿಷದಲ್ಲಿ ಸಿಕ್ಕೋದು." ಅವನು ಕನ್ನಡಕ ಸರಿಮಾಡಿಕೊಂಡ. "ಸಿಗಲಿಲ್ಲ. ಅದಕ್ಕೇ ಒಂಟಿ ಚೀಲಕ್ಕೆ ಹಾಕಿದೆ. ನಿನ್ನೆ ಗಾಡಿ ತಗೊಂಡು ಹೋಯ್ತು."

ಒಂಟಿ ಚೀಲ. ಅದು ಹಿಂಬಾಗಿಲ ಪಕ್ಕ ತೂಗುಹಾಕಿದ ಗೋಣಿಚೀಲ. ಜೋಡಿ ಸಿಗದ ಬೂಟು, ಚಪ್ಪಲಿಗಳೆಲ್ಲ ಅದಕ್ಕೆ. ಪ್ರತಿ ಶುಕ್ರವಾರ ಅದು ಕಾಲಿನ ಕಾರ್ಯಾಗಾರಕ್ಕೆ ಹೋಗುತ್ತಿತ್ತು. ಒಂದೇ ಕಾಲು ಉಳಿದವರು, ಕೃತಕ ಕಾಲು ಸಿಗುವ ತನಕ, ಅದರಲ್ಲಿ ತಮಗೆ ಹಿಡಿಸುವುದನ್ನು ಆರಿಸಿಕೊಳ್ಳುತ್ತಿದ್ದರು. ಆ ಚೀಲವನ್ನು ಅಲ್ಲಿ ತೂಗುಹಾಕಬೇಕೆಂದು ಹತ್ತು ವರ್ಷದ ಹಿಂದೆ ಸೂಚಿಸಿದವಳು ಇವಳೇ.

"ಯಾಕಮ್ಮ, ಮುಖ ಹಿಂಗಾಯ್ತು? ಕೂತ್ಕೊಳ್ಳಿ, ನೀರು ತರ್ತೀನಿ."

ಅವಳು ಕೂರಲಿಲ್ಲ. ಪೋಸ್ಟಣ್ಣ ನೀರು ತರಲು ತಿರುಗಿದಾಗ ಬಲಗಾಲಿನ ಬೂಟನ್ನು ಸಂದಿನಿಂದ ಎಳೆದು ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಅದರ ಬೆಲೆ ಕೊಡಲಿಲ್ಲ. ಹೊರಗೆ ಆಗಲೇ ಶನಿವಾರದ ಸಾಲು ನಿಂತಿತ್ತು. ಎಲ್ಲರಿಗಿಂತ ಮುಂದೆ ಅರ್ಧರೇಟಮ್ಮ.

"ಇದೇನು, ಪೊಲೀಸೇ ಓಡಿಹೋಗ್ತಿದೆ! ಇವತ್ತು ನಮಗೆಲ್ಲ ಹಬ್ಬ!" ಎಂದು ಅವಳು ಕೂಗಿದಳು. ಸಾಲೆಲ್ಲ ನಕ್ಕಿತು. ಪೊಲೀಸಮ್ಮ ತಲೆ ತಗ್ಗಿಸಿ ಆ ನಗುವಿನ ಉದ್ದಕ್ಕೂ ನಡೆದುಹೋದಳು.

ಬಸ್ಸು ಮುಕ್ಕಾಲು ಗಂಟೆ ತೆಗೆದುಕೊಂಡಿತು. ಅವಳು ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು, ಒಳಗಿರುವುದು ಎದ್ದು ಹೋಗುತ್ತದೇನೋ ಎಂಬಂತೆ. ಒಂಟಿ ಚೀಲದಲ್ಲಿ ಇನ್ನೂ ಬಿದ್ದಿರುತ್ತದೆ, ಅಂಥದ್ದನ್ನು ಯಾರು ಆರಿಸಿಕೊಳ್ಳುತ್ತಾರೆ, ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು. ಬುಧವಾರವೂ ಇಂಥದೇ ಲೆಕ್ಕಾಚಾರ ಹಾಕಿದ್ದೆನಲ್ಲ ಎಂಬುದು ನೆನಪಾದಾಗ ಹೇಳಿಕೊಳ್ಳುವುದನ್ನೂ ಬಿಟ್ಟಳು.

ಕಾರ್ಯಾಗಾರದ ಉದ್ದನೆಯ ಹಜಾರದಲ್ಲಿ ಎರಡು ಕಬ್ಬಿಣದ ಸರಳುಗಳ ನಡುವೆ ಜನ ನಡೆಯುವುದನ್ನು ಕಲಿಯುತ್ತಿದ್ದರು. ಕೊನೆಯಲ್ಲಿ ಬೂಟಿನ ಮೇಸ್ತ್ರಿಯ ಮೇಜು. ಅಂಟಿನ ವಾಸನೆ. ಅವನು ಹೊಸಬ, ಅವಳ ಗುರುತಿಲ್ಲ.

"ನಿನ್ನೆ ಅಂಗಡಿಯಿಂದ ಒಂಟಿ ಚೀಲ ಬಂತಲ್ಲ ಅಣ್ಣ, ಅದ್ರಲ್ಲಿ ಕಪ್ಪು ಬೂಟು. ಎಡಗಾಲಿಂದು. ಅಟ್ಟೆ ದಪ್ಪ."

"ಬಂತು. ಒಳ್ಳೇ ಮಾಲು." ಮೇಸ್ತ್ರಿ ಕೆಲಸದಿಂದ ತಲೆ ಎತ್ತದೆ ಹೇಳಿದ. "ಆದ್ರೆ ಅಷ್ಟು ದಪ್ಪ ಇಟ್ಕೊಂಡು ಊರುಗೋಲಲ್ಲಿ ನಡೆಯೋಕಾಗತ್ತಾ? ಸಂಜೆನೇ ಕೊಯ್ದು ತೆಗೆದೆ. ಈಗ ನೋಡಿ, ಹೂವಿನ ಹಂಗಿದೆ."

ಅವನು ಕಾಲಿನಿಂದ ಮೇಜಿನ ಕೆಳಗಿನ ರದ್ದಿಯನ್ನು ತೋರಿಸಿದ. ಚರ್ಮದ ಚೂರುಗಳ ನಡುವೆ ಆ ಅಟ್ಟೆ ಬಿದ್ದಿತ್ತು, ಒಂದೇ ತುಂಡು, ಪದರ ಪದರವಾಗಿ, ಯಾರೋ ಕೊಯ್ದಿಟ್ಟ ಬ್ರೆಡ್ಡಿನ ಹಾಗೆ.

ಪೊಲೀಸಮ್ಮ ನೆಲಕ್ಕೆ ಕುಕ್ಕರಿಸಿದಳು. ಅದನ್ನು ಎತ್ತಿಕೊಂಡಳು. ಬೆರಳುಗಳು ತಾವಾಗಿಯೇ ದಪ್ಪವನ್ನು ಅಳೆದವು. ಅವಳಿಗೆ ಅಳು ಬರಲಿಲ್ಲ; ಅಳುವುದಕ್ಕೂ ಒಳಗೆ ಸ್ವಲ್ಪ ಜಾಗ ಬೇಕಾಗುತ್ತದೆ.

"ಏನಮ್ಮ, ಏನಾಯ್ತು?"

ಅವಳು ಹೇಳಿದಳು. ಮಗಳ ಕಾಲು, ಸೋಮವಾರ, ಔಷಧಿ ಅಂಗಡಿ. ಸಂದಿನ ವಿಷಯವನ್ನೂ ಹೇಳಿಬಿಟ್ಟಳು, ಏಕೆಂದರೆ ಅದನ್ನು ಬಿಟ್ಟು ಹೇಳಿದರೆ ಕಥೆ ನಿಲ್ಲುತ್ತಿರಲಿಲ್ಲ. ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟು ಕೇಳಿದ. ಆಮೇಲೆ ಅಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದ.

"ಅಟ್ಟೆ ಕೆಟ್ಟಿಲ್ಲ. ಅಂಟಿಸಿ ರಾತ್ರಿಯೆಲ್ಲ ಬಿಗಿದಿಟ್ರೆ ಬೆಳಿಗ್ಗೆಗೆ ಕೂತ್ಕೊಳ್ಳತ್ತೆ. ಆದ್ರೆ ಯಾವುದಕ್ಕೆ ಅಂಟಿಸಲಿ? ಮಗಳ ಹಳೇ ಬೂಟು ತನ್ನಿ."

"ಅದು ಹರಿದು ಚಿಂದಿಯಾಗಿದೆ ಅಣ್ಣ. ತಂತಿ ಕಟ್ಟಿದೀವಿ."

"ಬೇರೆ ಯಾವುದಾದ್ರೂ ಎಡಗಾಲಿಂದು ಅಂದ್ರೆ, ಈ ಅಚ್ಚಿಗೆ ಹೊಂದಲ್ಲಮ್ಮ. ಪಕ್ಕಕ್ಕೆ ವಾಲತ್ತೆ. ನಿಮ್ಮ ಹುಡುಗಿ ಎಂಟು ಗಂಟೆ ನಿಲ್ಲೋದಿರಲಿ, ಎಂಟು ನಿಮಿಷಾನೂ ನಿಲ್ಲೋಕಾಗಲ್ಲ." ಅವನು ತಡೆದು, ಹಜಾರದ ಕಡೆ ನೋಡಿ, ನೋಟವನ್ನು ಮೇಜಿಗೆ ಇಳಿಸಿದ. "ಇದರ ಬೂಟನ್ನ ಒಬ್ಬರಿಗೆ ಕೊಟ್ಟಾಗಿದೆ. ನಾನು ಕೇಳೋಕಾಗಲ್ಲ."

ಅವಳೂ ಆ ಕಡೆ ನೋಡಿದಳು. ಸರಳುಗಳ ನಡುವೆ ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು ಎರಡು ಊರುಗೋಲುಗಳ ಮೇಲೆ ಬರುತ್ತಿದ್ದಳು. ಬಲಗಾಲು ಮಂಡಿಯ ಮೇಲಕ್ಕೇ ಮುಗಿದಿತ್ತು. ಎಡಗಾಲಿನಲ್ಲಿ ಆ ಕಪ್ಪು ಬೂಟು. ಕಪ್ಪು ಲಾಡಿ ಸಿಗಲಿಲ್ಲವೇನೋ, ಬಿಳಿ ಹುರಿಯಿಂದ ಕಟ್ಟಿಕೊಂಡಿದ್ದಳು. ಹತ್ತಿರ ಬಂದವಳೇ ಬೆಂಚಿನ ಮೇಲೆ ಕೂತು ಉಸಿರು ಬಿಟ್ಟಳು.

"ಮೇಸ್ತ್ರಿ, ನಿನ್ನ ಬೂಟು ಭಲೇ ಇದೆ ಕಣೋ. ನನಗೆ ಏನು ಲಾಭ ನೋಡು, ಒಂದೇ ಬೂಟು ಸಾಕು, ಸವೆಯೋದೂ ಅರ್ಧ, ಪಾಲಿಶೂ ಅರ್ಧ." ನಕ್ಕಳು. ಅವಳ ನಗುವಿಗೆ ಯಾರೂ ಜೊತೆ ಕೊಡಲಿಲ್ಲ. "ಸೋಮವಾರ ಇಸ್ತ್ರಿ ಅಂಗಡಿಗೆ ವಾಪಸ್ ಬರ್ತೀನಿ ಅಂತ ಯಜಮಾನರಿಗೆ ಹೇಳಿ ಕಳಿಸಿದೀನಿ. ರೈಲ್ವೆ ಗೇಟಿನ ಹತ್ರ ಇದೆಯಲ್ಲ, ಅದೇ. ಏಳು ತಿಂಗಳಾಯ್ತು." ಇಬ್ಬರ ಮುಖವನ್ನೂ ನೋಡಿದಳು. "ಏನ್ರೀ? ಯಾರಾದ್ರೂ ಸತ್ರಾ?"

ಮೇಸ್ತ್ರಿ ಅಂಟಿನ ಡಬ್ಬದ ಮುಚ್ಚಳ ತಿರುಗಿಸುತ್ತ ಕೂತ. ಮೇಜಿನ ಮೇಲೆ ಅಟ್ಟೆ. ಪೊಲೀಸಮ್ಮನ ತೆರೆದ ಚೀಲದಲ್ಲಿ ಬಲಗಾಲಿನ ಬೂಟು, ಅದೇ ಕಪ್ಪು, ಅದೇ ಹೊಲಿಗೆ. ಇಸ್ತ್ರಿಯವಳು ಅದನ್ನು ನೋಡಿದಳು, ತನ್ನ ಕಾಲನ್ನು ನೋಡಿಕೊಂಡಳು. ದಡ್ಡಿಯಲ್ಲ ಅವಳು.

"ಇದರ ಜೋಡಿ ನಿಮ್ಮದಾ?"

"ನನ್ನ ಮಗಳಿಗೆ," ಎಂದಳು ಪೊಲೀಸಮ್ಮ. ಉಳಿದದ್ದನ್ನು ಮೇಸ್ತ್ರಿಯೇ ಎರಡು ಮಾತಿನಲ್ಲಿ ಹೇಳಿ ಮುಗಿಸಿದ.

ಹಜಾರದ ಆ ತುದಿಯಲ್ಲಿ ಯಾರೋ ಹೆಜ್ಜೆ ಎಣಿಸುತ್ತಿದ್ದರು: ಒಂದು, ಎರಡು, ನಿಧಾನ, ಮೂರು.

ಇಸ್ತ್ರಿಯವಳು ಬಗ್ಗಿದಳು. ಬಿಳಿ ಹುರಿಯ ಗಂಟು ಬಿಚ್ಚತೊಡಗಿದಳು. ಬಿಗಿಯಾದ ಗಂಟು. ಉಗುರಿನಿಂದ ಎಬ್ಬಿಸಬೇಕಾಯಿತು.

ಬೇಡ ಎನ್ನಬೇಕು, ಎಂದುಕೊಂಡಳು ಪೊಲೀಸಮ್ಮ. ಎರಡಕ್ಷರದ ಮಾತು. ಗಂಟಲವರೆಗೆ ಬಂತು. ಇನ್ನೊಂದು ಗಂಟಿದೆ, ಅದನ್ನು ಬಿಚ್ಚುವಷ್ಟರಲ್ಲಿ ಹೇಳುತ್ತೇನೆ ಎಂದುಕೊಂಡಳು. ಆ ಗಂಟೂ ಬಿಚ್ಚಿತು. ಬಟ್ಟೆ ಮಡಚುತ್ತಿದ್ದ ಮಗಳ ಕೈ ಕಣ್ಣ ಮುಂದೆ ಬಂತು. ಅವಳು ಆ ಎರಡಕ್ಷರವನ್ನು ನುಂಗಿದಳು. ನುಂಗಿದ್ದು ಕೆಳಗಿಳಿಯುವುದು ಅವಳಿಗೆ ಗೊತ್ತಾಗುತ್ತಿತ್ತು.

"ತಗೊಳ್ಳಿ ಅಕ್ಕ," ಎಂದಳು ಇಸ್ತ್ರಿಯವಳು. ಈಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ, ಕರುಣೆಯೂ ಇರಲಿಲ್ಲ, ದಣಿವು ಮಾತ್ರ ಇತ್ತು. "ನಾನು ಮೇಜಿನ ಹಿಂದೆ ನಿಲ್ಲೋಳು. ಮೇಜಿನ ಕೆಳಗೆ ಕಾಲು ಯಾರು ನೋಡ್ತಾರೆ?"

ಪೊಲೀಸಮ್ಮ ಕೈ ಚಾಚಿ ತೆಗೆದುಕೊಂಡಳು. ಬೂಟಿನ ಒಳಗೆ ಇನ್ನೂ ಬಿಸಿಯಿತ್ತು.

"ಎಷ್ಟು ದಪ್ಪ ಬೇಕಮ್ಮ? ಅಳತೆ ಇದೆಯಾ?" ಎಂದ ಮೇಸ್ತ್ರಿ.

"ಟೆಲಿಫೋನ್ ಡೈರೆಕ್ಟರಿಯಷ್ಟು," ಎಂದಳು. ಮೇಸ್ತ್ರಿ ಅವಳನ್ನೇ ನೋಡಿದ. ಅವಳು ಬೆರಳುಗಳನ್ನು ಅಟ್ಟೆಗೆ ಒತ್ತಿ ತೋರಿಸಿದಳು. "ಇದಕ್ಕಿಂತ ಒಂದು ಎಳೆ ಕಡಿಮೆ."

ಭಾನುವಾರ ಬೆಳಿಗ್ಗೆ ಮೇಸ್ತ್ರಿಯ ಮನೆಯಿಂದ ಬೂಟು ತಂದಳು. ಮಗಳು ಜೋಡಿಯನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ತಿರುಗಿಸಿ ನೋಡಿದಳು. ಬಿಳಿ ಹುರಿಯ ಗುರುತು ತೂತುಗಳಲ್ಲಿ ಇನ್ನೂ ಇತ್ತು.

"ಯಾರದಮ್ಮ ಇದು?"

"ಅಂಗಡಿದು."

"ಅಂಗಡಿದು ಅಂತ ಗೊತ್ತು. ಯಾರದು?"

ತಾಯಿ ಲೋಟ ತೊಳೆಯುತ್ತಿದ್ದಳು. ತೊಳೆದ ಲೋಟವನ್ನೇ ಮತ್ತೊಮ್ಮೆ ತೊಳೆದಳು. ಮಗಳು ಮತ್ತೆ ಕೇಳಲಿಲ್ಲ. ಆ ಮನೆಯಲ್ಲಿ ಕೇಳದೆ ಬಿಟ್ಟ ಪ್ರಶ್ನೆಗಳಿಗೇನೂ ಬರವಿರಲಿಲ್ಲ. ಬೂಟು ಹಾಕಿಕೊಂಡು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆದಳು. ವರ್ಷಗಳಿಂದ ತಾಯಿಯ ಕಿವಿಗೆ ಅಭ್ಯಾಸವಾಗಿದ್ದ ಆ ಏರುಪೇರಿನ ಸದ್ದು ಇರಲಿಲ್ಲ. ಟಕ್, ಟಕ್, ಟಕ್. ಬೇರೆ ಯಾರೋ ಮನೆಗೆ ಬಂದ ಹಾಗಿತ್ತು. ಮಗಳು ತೊಟ್ಟಿಯ ಮುಂದೆ ನಿಂತಳು, ಕಾಲಿನಿಂದ ಡೈರೆಕ್ಟರಿಯನ್ನು ಮೆಲ್ಲಗೆ ಬದಿಗೆ ಸರಿಸಿದಳು. ಅವಳು ನಗುತ್ತಿದ್ದಳೋ ಏನೋ, ತಾಯಿಗೆ ಕಂಡದ್ದು ಬೆನ್ನು ಮಾತ್ರ.

ಸೋಮವಾರ ಎಂಟೂವರೆಗೆ ಮಗಳು ಹೊರಟಳು. ಹತ್ತು ಗಂಟೆಗೆ ಪೊಲೀಸಮ್ಮ ಅಂಗಡಿಯ ಮುಂಬಾಗಿಲಿನಿಂದ ಒಳಗೆ ಬಂದಳು. ಅದು ಗಿರಾಕಿಗಳ ಬಾಗಿಲು.

"ಇದೇನ್ರಿ, ಇವತ್ತು ನಿಮ್ಮ ದಿನ ಅಲ್ಲವಲ್ಲ?" ಎಂದ ಪೋಸ್ಟಣ್ಣ. "ಏಪ್ರನ್ ಎಲ್ಲಿ?"

ಅವಳು ಕಪಾಟಿನಿಂದ ಒಂದು ಕಂದು ಬೂಟಿನ ಜೋಡಿ ತೆಗೆದಳು. ಕಪ್ಪಿನದಕ್ಕಿಂತ ಗಟ್ಟಿ, ಅದೇ ಸಂಖ್ಯೆ. ಕೌಂಟರಿನಲ್ಲಿ ಟೀಚರಮ್ಮನ ಮುಂದಿಟ್ಟಳು.

"ಇವತ್ತು ಪೂರ್ತಿ ಬೆಲೆ ಕಣಮ್ಮ," ಎಂದರು ಟೀಚರಮ್ಮ. "ಶನಿವಾರ ತಗೋಬಾರದಾ?"

"ಶನಿವಾರಕ್ಕೆ ತಡವಾಗತ್ತೆ. ಹೋದ ವಾರದ ಕಪ್ಪು ಜೋಡಿದೂ ಸೇರಿಸ್ಕೊಳ್ಳಿ. ಅದನ್ನೂ ಪೂರ್ತಿ ಬೆಲೆಗೇ." ಹಣವನ್ನು ಕೌಂಟರಿನ ಮೇಲಿಟ್ಟಳು. ಆಮೇಲೆ ಕತ್ತರಿ ತೆಗೆದು ಕಂದು ಜೋಡಿಯ ದಾರ ಕತ್ತರಿಸಿದಳು.

"ಅಯ್ಯೋ, ಜೋಡಿ ಇರೋದನ್ನ ಯಾಕ್ರೀ ಒಂಟಿ ಮಾಡ್ತೀರಿ?" ಪೋಸ್ಟಣ್ಣನಿಗೆ ತಡೆಯಲಾಗಲಿಲ್ಲ.

"ಹೋದ ವಾರ ಮಾಡಿದ್ದೂ ನಾನೇ, ಪೋಸ್ಟಣ್ಣ. ನೀವು ಹುಡುಕಿದ ಬೂಟು ವಿಶ್ವಕೋಶದ ಹಿಂದೆ ಇತ್ತು."

ಟೀಚರಮ್ಮ ಗೋಡೆಯ ಮೇಲಿನ ದಪ್ಪಕ್ಷರಗಳನ್ನು ನೋಡಿದರು, ಅವಳನ್ನು ನೋಡಿದರು, ಏನೂ ಹೇಳಲಿಲ್ಲ. ಏನಾದರೂ ಹೇಳಿದ್ದರೆ ಅವಳಿಗೆ ಹೊರಡುವುದು ಸುಲಭವಾಗುತ್ತಿತ್ತು. ಅವಳು ಹಿಂಬಾಗಿಲಿಗೆ ಹೋಗಿ ಬಲಗಾಲಿನ ಕಂದು ಬೂಟನ್ನು ಒಂಟಿ ಚೀಲಕ್ಕೆ ಹಾಕಿದಳು. ಶುಕ್ರವಾರ ಹೋಗಿ ಖಾಲಿಯಾಗಿ ಮರಳಿದ್ದ ಚೀಲ, ಬೂಟು ತಳಕ್ಕೆ ಬಿದ್ದು ಧಪ್ ಎಂದಿತು. ನಾಳೆ ಮಂಗಳವಾರ. ನಾಳೆ ಈ ಬಾಗಿಲಿನಿಂದ ಒಳಗೆ ಬರಬಹುದೇ ಎಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ.

ರೈಲ್ವೆ ಗೇಟಿನ ಹತ್ತಿರ ಬಸ್ಸಿಳಿದಾಗ ಹನ್ನೊಂದೂವರೆ. ಮಗಳು ನಿಂತು ಎರಡೂವರೆ ಗಂಟೆಯಾಗಿರಬೇಕು. ನಿಂತಿದ್ದಾಳೋ, ಅಟ್ಟೆ ಬಿಟ್ಟಿತೋ, ಯಾರಿಗೆ ಗೊತ್ತು. ಇಸ್ತ್ರಿ ಅಂಗಡಿ ರಸ್ತೆಯ ಆಚೆ ಬದಿಗಿತ್ತು. ಬಾಗಿಲಿಗೆ ಅಡ್ಡವಾಗಿ ಉದ್ದನೆಯ ಮೇಜು, ಮೇಜಿನ ಮೇಲೆ ಅಂಗಿಗಳ ರಾಶಿ, ಆವಿ. ಇಸ್ತ್ರಿಯವಳು ಪಕ್ಕದವಳಿಗೆ ಏನೋ ಹೇಳಿ ನಗಿಸುತ್ತಿದ್ದಳು. ಊರುಗೋಲುಗಳು ಗೋಡೆಗೆ ಒರಗಿದ್ದವು.

ಪೊಲೀಸಮ್ಮ ಈ ಬದಿಯಲ್ಲೇ ನಿಂತಳು. ಚೀಲ ಹಗುರವಾಗಿತ್ತು, ಒಂದೇ ಬೂಟಿನ ಭಾರ. ಎದುರಿಗೆ ಹೋಗಿ ಏನೆಂದು ಹೇಳುವುದು? ಒಂದು ಬಸ್ಸು ಅಡ್ಡ ಬಂತು, ಹೋಯಿತು.

ಮೇಜಿನ ಕೆಳಗೆ ಯಾರು ನೋಡ್ತಾರೆ ಅಂದಿದ್ದಳು ಅವಳು. ಪೊಲೀಸಮ್ಮ ನೋಡಿದಳು. ಒಂದು ಪಾದ. ಅದಕ್ಕೆ ರಟ್ಟಿನ ತುಂಡೊಂದನ್ನು ಬಿಳಿ ಹುರಿಯಿಂದ ಸುತ್ತಿ ಕಟ್ಟಿತ್ತು.

ಅವಳು ರಸ್ತೆಗೆ ಇಳಿದಳು.